ಎಕ್ಸ್ ಅಕ್ಷರದ ಆಯಿ

ಭಾನುವಾರ ಬೆಳಿಗ್ಗೆ ಕಾರವಾರದ ಮೀನುಪೇಟೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದೆ. ಬೆಂಗಳೂರಿನಿಂದ ಮಗನ ಫೋನು ಬಂತು.

“ಅಪ್ಪಾ, ಅಜ್ಜಿ ಹುಟ್ಟಿದ್ದು ಎಲ್ಲಿ?”

ಇಪ್ಪತ್ತೆಂಟು ವರ್ಷಗಳಲ್ಲಿ ಅಜ್ಜಿಯ ಬಗ್ಗೆ ಅವನು ಕೇಳಿದ್ದೆಲ್ಲ ಊಟಕ್ಕೆ ಸಂಬಂಧಿಸಿದ್ದು. ಉಪ್ಪಿನಕಾಯಿ ಮುಗಿಯಿತೇ, ಪತ್ರೊಡೆ ಯಾವಾಗ, ಇಷ್ಟೇ. ಹುಟ್ಟೂರಿನ ವಿಚಾರಣೆ ಇದೇ ಮೊದಲು. ಕಾಣಕೋಣದ ಹತ್ತಿರ ಪೈಂಗಿಣದಲ್ಲಿ ಎಂದೆ.

“1961ರ ಡಿಸೆಂಬರ್ 19ಕ್ಕಿಂತ ಮುಂಚೆನಾ?”

ನಾನು ಹುಟ್ಟಿದ್ದು 1967ರಲ್ಲಿ. ಆಯಿ ಆ ತಾರೀಖಿನ ನಂತರ ಹುಟ್ಟಿದ್ದರೆ ನನ್ನನ್ನು ಹಡೆಯುವಾಗ ಅವಳಿಗೆ ಐದೋ ಆರೋ ವರ್ಷ ಆಗಿರಬೇಕಿತ್ತು ಎಂದು ಲೆಕ್ಕ ಹೇಳಿದೆ. ಆ ಕಡೆಯಿಂದ ದೊಡ್ಡ ಉಸಿರು ಕೇಳಿಸಿತು. “ಹಾಗಾದರೆ ಅಜ್ಜಿ ಪೋರ್ಚುಗೀಸ್. ನೀನೂ ಪೋರ್ಚುಗೀಸ್. ನಾನೂ.”

“ಒಡೆಯಾ, ತಕ್ಕಂಬುದಾದ್ರೆ ತಕ್ಕಳಿ, ಮೀನಿನ ಕೆನ್ನೆ ಹರೀಬೇಡಿ,” ಎಂದಳು ಬಂಗುಡೆಯವಳು. ಯುರೋಪಿನ ಪ್ರಜೆಗೆ ಸಿಕ್ಕ ಮೊದಲ ಮರ್ಯಾದೆ ಅದು.

ಅವನ ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗೋವಾದ ಹುಡುಗನೊಬ್ಬ ಕೆಲಸ ಬಿಟ್ಟು ಲಿಸ್ಬನ್ನಿಗೆ ಹೊರಟಿದ್ದಾನಂತೆ. ವೀಸಾ ಇಲ್ಲ, ಪಾಯಿಂಟು ಇಲ್ಲ, ಇಂಗ್ಲಿಷ್ ಪರೀಕ್ಷೆಯೂ ಇಲ್ಲ. ಅವನ ಅಪ್ಪ ಮಡಗಾಂವದಲ್ಲಿ ಸಕಾಲಕ್ಕೆ ಹುಟ್ಟಿದ್ದ, ಅಷ್ಟೇ ಅರ್ಹತೆ. ಗೋವಾ ಪೋರ್ಚುಗಲ್ಲಿನ ಕೈಯಲ್ಲಿದ್ದ ಕಾಲದಲ್ಲಿ ಅಲ್ಲಿ ಹುಟ್ಟಿದವರು ಅವರ ಕಣ್ಣಿಗೆ ಪೋರ್ಚುಗಲ್ಲಿನಲ್ಲೇ ಹುಟ್ಟಿದವರು. ಲಿಸ್ಬನ್ನಿನ ನೋಂದಣಿ ಪುಸ್ತಕದಲ್ಲಿ ತಮ್ಮ ಜನನವನ್ನು ಬರೆಸಿಕೊಂಡರೆ ಅವರು ಪ್ರಜೆಗಳು. ಪ್ರಜೆಯ ಮಕ್ಕಳು ಎಲ್ಲಿ ಹುಟ್ಟಿದ್ದರೂ ತಮ್ಮ ಹೆಸರನ್ನೂ ಹಾಗೇ ಬರೆಸಬಹುದು. ಮೊಮ್ಮಕ್ಕಳು ನೇರವಾಗಿ ಹೋದರೆ ಭಾಷೆ ಬರಬೇಕು, ನಂಟು ತೋರಿಸಬೇಕು ಎಂಬ ತಕರಾರು ಇದೆ. ಆದ್ದರಿಂದ ಜಾಣರು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಾರೆ. ಅಡಿಕೆ ತೋಟದಲ್ಲಿ ದಂಬೆಯಿಂದ ದಂಬೆಗೆ ನೀರು ಇಳಿದ ಹಾಗೆ ಮೊದಲು ಆಯಿ, ಆಮೇಲೆ ನಾನು, ಕೊನೆಗೆ ಮಗ. ನಡುವಿನ ದಂಬೆ ತೂತಾಗಿದ್ದರೆ ಗಿಡಕ್ಕೆ ನೀರಿಲ್ಲ. ಹೀಗೆ ಈ ಮೇ ತಿಂಗಳಲ್ಲಿ ಸಹಕಾರಿ ಬ್ಯಾಂಕಿನಿಂದ ನಿವೃತ್ತನಾಗಿ, ಇನ್ನು ಯಾರಿಗೂ ಬೇಡದವನು ಎಂದುಕೊಂಡಿದ್ದ ನಾನು ಎರಡು ಖಂಡಗಳ ನಡುವಿನ ದಂಬೆಯಾದೆ.

ಮನೆಗೆ ಬಂದು ಆಯಿಗೆ ಹೇಳಿದೆ. ಅವಳು ಕೊತ್ತಂಬರಿ ಸೊಪ್ಪು ಸೋಸುತ್ತಿದ್ದಳು. “ಆಯಿ, ನೀನು ಪೋರ್ಚುಗೀಸ್ ಆಗಬಹುದಂತೆ.”

“ಇದ್ದೆನಲ್ಲ,” ಎಂದಳು, ತಲೆ ಎತ್ತದೆ. “ಹದಿನೇಳು ವರ್ಷ.”

ಆಯಿ ಅವರನ್ನು ಪೋರ್ಚುಗೀಸರು ಅನ್ನುವುದಿಲ್ಲ, ಪಾಕ್ಲೆ ಅನ್ನುತ್ತಾಳೆ. ಕೊಂಕಣಿಯಲ್ಲಿ ಬಿಳಿ ಸಿಪಾಯಿಗೆ ಪಾಕ್ಲೊ ಎಂದು ಹೆಸರು. ಪೈಂಗಿಣದಲ್ಲಿ ಅವಳು ಕಂಡ ಪಾಕ್ಲೆಗಳೂ ಬೆರಳೆಣಿಕೆಯಷ್ಟೇ. ಒಬ್ಬ ಅವರ ಅಂಗಳದ ಹಲಸಿನಹಣ್ಣು ತಿಂದು, ಅಂಟನ್ನು ಮೀಸೆಗೆ ಹಚ್ಚಿಕೊಂಡು, ಮೂರು ದಿನ ಠಾಣೆ ಬಿಟ್ಟು ಹೊರಗೆ ಬರಲಿಲ್ಲವಂತೆ. ನಾಲ್ಕೂವರೆ ಶತಮಾನದ ವಸಾಹತುಶಾಹಿಯಿಂದ ನಮ್ಮ ಮನೆಗೆ ಬಂದ ಮೌಖಿಕ ಇತಿಹಾಸ ಮುಖ್ಯವಾಗಿ ಇದು.

ಇನ್ನೊಂದು, ಬಟಾಟೆ. 1955ರಲ್ಲಿ ಗೋವಾ ವಿಮೋಚನೆಯ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಭಾರತ ಗಡಿ ಮುಚ್ಚಿತು. ಕ್ಯಾಸಲ್‌ರಾಕ್ ಕಡೆಯಿಂದ ಘಟ್ಟ ಇಳಿಯುತ್ತಿದ್ದ ರೈಲು ನಿಂತಿತು, ಕಾರವಾರದ ಗಡಿಯ ಮಾಜಾಳಿಯ ದಾರಿಯೂ ಬಂದಾಯಿತು. ಬೆಳಗಾವಿಯ ತರಕಾರಿ ಗೋವಾಕ್ಕೆ ಹೋಗುವಂತಿಲ್ಲ. ಲಿಸ್ಬನ್ ಸರಕಾರ ಹಟಕ್ಕೆ ಬಿದ್ದು ಎಲ್ಲವನ್ನೂ ಹಡಗಿನಲ್ಲಿ ತರಿಸಿತು. ಬಟಾಟೆ ಹಾಲೆಂಡಿನದು, ಅಕ್ಕಿ ಪಾಕಿಸ್ತಾನದ್ದು, ಚಹಾ ಸಿಲೋನಿನದು, ಸಿಮೆಂಟು ಜಪಾನಿನದು. “ನಾವು ಹಾಲೆಂಡಿನ ಬಟಾಟೆ ತಿಂದವರು,” ಎಂದು ಆಯಿ ಈಗಲೂ ಕಾರವಾರದ ಸಂತೆಯ ಬಟಾಟೆಯನ್ನು ಒಂದು ಬಗೆಯ ಅನುಕಂಪದಿಂದ ನೋಡುತ್ತಾಳೆ. ಆ ಕಾಲದಲ್ಲಿ ಕಾರವಾರದ ಕಡೆಯಿಂದ ರಾತ್ರಿ ದೋಣಿಯಲ್ಲಿ ಹೋದವರು ಗಡಿಯಾರ, ಸೆಂಟು, ನೈಲಾನ್ ಬಟ್ಟೆ ತರುತ್ತಿದ್ದರು. ನಮ್ಮ ಊರಿನ ಕೆಲವು ಮಹಡಿ ಮನೆಗಳ ಅಡಿಪಾಯದಲ್ಲಿ ಈ ವಿದೇಶಾಂಗ ವ್ಯವಹಾರ ಸಾಕಷ್ಟಿದೆ. ಹೆಸರು ಹೇಳಿದರೆ ನಾಳೆ ಮದುವೆಮನೆಗಳಲ್ಲಿ ಮುಖ ತೋರಿಸಲಾಗದು.

ಕಾರವಾರದವರಿಗೆ ವಿದೇಶವೆಂದರೆ ವಿಮಾನದ ಮಾತೇ ಆಗಿರಲಿಲ್ಲ. ಬಿಣಗಾದ ದಂಡೆಯಲ್ಲಿ ನಿಂತರೆ ಎದುರಿಗೆ ಅಂಜುದೀವ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮಾ ಅಲ್ಲಿ ಇಳಿದಿದ್ದ. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಕೋಟೆ ಕಟ್ಟಿಸಿದ. ಈಜು ಬಲ್ಲವನು ಮನಸ್ಸು ಮಾಡಿದರೆ ಮುಟ್ಟಬಹುದಾದಷ್ಟು ಹತ್ತಿರದ ಆ ದ್ವೀಪ 1961ರವರೆಗೂ ಪೋರ್ಚುಗಲ್. ಆ ವರ್ಷದ ನವೆಂಬರಿನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು, ಒಂದು ವಾರದ ನಂತರ ಮೀನುಗಾರನೊಬ್ಬ ಸತ್ತ. ಗೋವಾವನ್ನು ಹಿಡಿದ ಭಾರತದ ಸೇನಾ ಕಾರ್ಯಾಚರಣೆಗೆ ಸಿಕ್ಕ ನೆಪಗಳಲ್ಲಿ ಇದೂ ಒಂದು. ದ್ವೀಪ ಹಿಡಿಯಲು ಇಳಿದ ನಮ್ಮ ಏಳು ಮಂದಿ ನಾವಿಕರು ಅಲ್ಲೇ ತೀರಿಕೊಂಡರು. ಈಗ ಅಂಜುದೀವ ನೌಕಾನೆಲೆಯೊಳಗೆ ಸೇರಿದೆ. ಮೊದಲು ಹೋಗಲು ಪಾಕ್ಲೆಗಳ ಪರವಾನಿಗೆ ಬೇಕಿತ್ತು, ಈಗ ನೌಕಾಪಡೆಯ ಪರವಾನಿಗೆ ಬೇಕು. ಕಾರವಾರದವನಿಗೆ ಅದು ಈಗಲೂ ವಿದೇಶವೇ.

ಗೋವಾ ಫಿರಂಗಿಗಳ ಪಾಲಾಗುವುದರಲ್ಲಿ ನಮ್ಮ ಜಿಲ್ಲೆಯ ಕೈವಾಡವೂ ಕಡಿಮೆಯದಲ್ಲ. 1510ರಲ್ಲಿ ಅಲ್ಬುಕರ್ಕ್ ಬೇರೆಲ್ಲೋ ಹೊರಟಿದ್ದವನು. “ಅಲ್ಲಿಗೆ ಯಾಕೆ, ಗೋವಾ ಹಿಡಿ” ಎಂದು ತಲೆಗೆ ಹುಳ ಬಿಟ್ಟವನು ನಮ್ಮ ಹೊನ್ನಾವರದ ತಿಮ್ಮಯ್ಯ. ಆಗ ಸಿಕ್ಕಿದ್ದರಲ್ಲಿ ಕಾಣಕೋಣ ಇರಲಿಲ್ಲ. ಅದು ಮುಂದೆ ನಮ್ಮ ಶಿರಸಿ ಪಕ್ಕದ ಸೋದೆಯ ಅರಸರ ಕೈಗೆ ಬಂತು. 1760ರ ದಶಕದಲ್ಲಿ ಹೈದರಾಲಿ ಸೋದೆಯ ಮೇಲೆ ಬಿದ್ದಾಗ ಅರಸ ಗೋವಾಕ್ಕೆ ಓಡಿ ಪೋರ್ಚುಗೀಸರ ಆಶ್ರಯ ಪಡೆದ. ಅವನ ನಾಡಿನ ಒಂದು ತುಂಡು ಹಾಗೆ ಅವರ ಮಡಿಲಿಗೆ ಬಿತ್ತು. ಅಂದರೆ ಹೈದರಾಲಿ ಅಂದು ಸ್ವಲ್ಪ ತಡಮಾಡಿದ್ದರೆ ನನ್ನ ಮಗನಿಗೆ ಈ ಫೋನು ಮಾಡುವ ಪ್ರಮೇಯ ಬರುತ್ತಿರಲಿಲ್ಲ. ಇನ್ನೂ ಹಿಂದೆ ಹೋದರೆ ಆಯಿ ಸೋದೆಯ ಪೌರತ್ವವನ್ನೂ ಕೇಳಬಹುದು. ಅಲ್ಲಿ ಈಗ ಅರಸರಿಲ್ಲ, ವಾದಿರಾಜರ ಮಠ ಇದೆ. ಪಾಸ್‌ಪೋರ್ಟ್ ಕೊಡುವುದಿಲ್ಲ, ಊಟ ಹಾಕುತ್ತಾರೆ. ಆಯಿಗೆ ಆ ವ್ಯವಸ್ಥೆಯೇ ಹೆಚ್ಚು ಒಪ್ಪಿಗೆ.

ಮಂಗಳೂರಿನಲ್ಲಿ ನನ್ನ ಜತೆ ಬ್ಯಾಂಕ್ ತರಬೇತಿಗೆ ಬಂದಿದ್ದ ಕ್ರೈಸ್ತ ಸ್ನೇಹಿತರೊಬ್ಬರಿದ್ದಾರೆ. ಇದನ್ನು ಕೇಳಿ ಅವರು ನಿಜಕ್ಕೂ ನೊಂದುಕೊಂಡರು. ಹೆಸರು ಪೋರ್ಚುಗೀಸ್, ಮನೆತನದ ಹೆಸರು ಪೋರ್ಚುಗೀಸ್, ಕ್ರಿಸ್‌ಮಸ್ಸಿನ ಕುಸ್ವಾರಿನಲ್ಲಿ ಅರ್ಧ ಪೋರ್ಚುಗೀಸ್. ಆದರೆ ಅವರ ಹಿರಿಯರು ಗೋವಾ ಬಿಟ್ಟು ಮುನ್ನೂರು ವರ್ಷದ ಮೇಲಾಯಿತು. “ನಮ್ಮವರು ಅವಸರ ಮಾಡಿದರು ಮಾರಾಯ್ರೆ,” ಎಂದರು. “ನಿಮಗೆ ನೋಡಿ, ಇಗರ್ಜಿಯ ಮೆಟ್ಟಿಲು ಹತ್ತದವರಿಗೆ ಬಾಗಿಲು ತೆರೆದಿದೆ.” ನಮ್ಮ ಸಾರಸ್ವತರೂ ಮತಾಂತರದ ಭಯಕ್ಕೆ ದೇವರನ್ನು ಹೊತ್ತುಕೊಂಡು ಓಡಿಬಂದವರೇ. ಯಾರಿಂದ ಓಡಿದೆವೋ ಅವರದೇ ಪಾಸ್‌ಪೋರ್ಟಿಗೆ ಈಗ ಅರ್ಜಿ ಹಾಕುವುದೆಂದರೆ ಹಿರಿಯರ ಆತ್ಮಗಳಿಗೆ ಏನೆನ್ನಿಸೀತು ಎಂದು ಆಯಿಯನ್ನು ಕೇಳಿದೆ. “ಅವರಿಗೆ ಓಡುವ ಅಭ್ಯಾಸ ಇತ್ತಲ್ಲ, ಅರ್ಥವಾಗುತ್ತದೆ,” ಎಂದಳು.

ಮಗ ಮಡಗಾಂವದ ಏಜೆಂಟರೊಬ್ಬರನ್ನು ಹಿಡಿದ. ಅವರು ವಾಟ್ಸಾಪಿನಲ್ಲಿ ಕಾಗದಗಳ ಪಟ್ಟಿ ಕಳಿಸಿದರು. ಸಾಮಾನಿನ ಚೀಟಿಯಷ್ಟು ಉದ್ದವಿತ್ತು. ನಾನು ಮೂವತ್ನಾಲ್ಕು ವರ್ಷ ಕೌಂಟರಿನ ಹಿಂದೆ ಕೂತು ಬೇರೆಯವರ ಕೆವೈಸಿಯಲ್ಲಿ ತಪ್ಪು ಹುಡುಕಿದವನು. ತಾಯಿಯ ಹೆಸರಿನಲ್ಲಿ ಒಂದು ‘ಎ’ ಹೆಚ್ಚಿದ್ದಕ್ಕೆ ಹಣಕೋಣದ ಮುದುಕನೊಬ್ಬನನ್ನು ಮೂರು ಸಲ ವಾಪಸ್ ಕಳಿಸಿದ್ದು ಈಗ ನೆನಪಾಯಿತು. ಮೂರನೆಯ ಸಲ ಅವನು ಏನೋ ಗೊಣಗಿಕೊಂಡು ಹೋಗಿದ್ದ. ಏನು ಗೊಣಗಿದನೆಂದು ಈ ಪಟ್ಟಿ ನೋಡಿದಾಗ ತಿಳಿಯಿತು.

ಮೊದಲ ತೊಡಕು ಹೆಸರಿನದು. ನಮ್ಮಲ್ಲಿ ಮದುವೆಯಾದ ಹುಡುಗಿಗೆ ಮನೆತನದ ಹೆಸರಷ್ಟೇ ಅಲ್ಲ, ಸ್ವಂತ ಹೆಸರೂ ಬದಲು. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಕೈಯಲ್ಲಿ ಉಂಗುರ ಕೊಟ್ಟು, ಹೊಸ ಹೆಸರು ಬರೆಸುತ್ತಾರೆ. ಹುಟ್ಟುವಾಗ ಆಯಿ ಶಾಂತಾ. 1964ರಲ್ಲಿ ಕಾರವಾರಕ್ಕೆ ಸೊಸೆಯಾಗಿ ಬಂದ ದಿನದಿಂದ ಸುಮಿತ್ರಾ. ಆಧಾರ್, ರೇಷನ್ ಕಾರ್ಡು, ಪಿಂಚಣಿ ಎಲ್ಲವೂ ಸುಮಿತ್ರೆಗೆ. ಶಾಂತಾ ಎಂಬುವಳು ಗಡಿ ದಾಟಿದ ಮೇಲೆ ಕಾಗದದ ಲೋಕದಲ್ಲಿ ಕಾಣೆಯಾಗಿದ್ದಾಳೆ. ಇಬ್ಬರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಬೇಕು, ಅದಕ್ಕೆ ಬಲ್ಲವರ ಸಾಕ್ಷಿ ಬೇಕು. ಬಲ್ಲವರು ಈಗ ಉಳಿದಿರುವುದು ಒಬ್ಬರು ಚಿಕ್ಕಮ್ಮ. ಅವರಿಗೆ ನೆನಪು ಹಗಲು ಇರುತ್ತದೆ, ಸಂಜೆಗೆ ಇರುವುದಿಲ್ಲ. ನೋಟರಿ ಸಿಗುವುದು ಸಂಜೆ.

ಎರಡನೆಯದು ಮದುವೆಯ ದಾಖಲೆ. ದೇವಸ್ಥಾನದಲ್ಲಿ ಮದುವೆ, ಐನೂರು ಜನರ ಊಟ. ಅಷ್ಟು ಜನ ಉಂಡ ಮೇಲೆ ಬೇರೆ ಸಾಕ್ಷಿ ಏಕೆಂದು ಅಂದು ಯಾರಿಗೂ ಅನ್ನಿಸಿರಲಿಲ್ಲ. ಈಗ ನೋಂದಾಯಿಸಲು ಹೋದರೆ ವರ-ವಧು ಇಬ್ಬರೂ ಬಂದು ಸಹಿ ಹಾಕಬೇಕೆಂದರು. ವಧು ತಯಾರಿದ್ದಾಳೆ. ವರ ಹದಿನಾಲ್ಕು ವರ್ಷದಿಂದ ಗಂಧದ ಹಾರ ಹಾಕಿಕೊಂಡು ಗೋಡೆಯ ಮೇಲಿದ್ದಾನೆ. “ಅವರು ಇದ್ದಾಗಲೂ ಸಹಿ ಹಾಕಿಸುವುದು ಸುಲಭ ಇರಲಿಲ್ಲ,” ಎಂದಳು ಆಯಿ.

ಮೂರನೆಯ ತೊಡಕು ನಾನೇ. ನಮ್ಮ ಸಂವಿಧಾನದ ಒಂಬತ್ತನೆಯ ವಿಧಿ ಮತ್ತು 1955ರ ಪೌರತ್ವ ಕಾಯಿದೆ ಈ ವಿಷಯದಲ್ಲಿ ಹಳೆಯ ಕಾಲದ ಮಾವನ ಹಾಗೆ. ಸ್ವಂತ ಇಷ್ಟದಿಂದ ಇನ್ನೊಂದು ದೇಶದ ಕೈ ಹಿಡಿದರೆ ಈ ಮನೆಯ ಹೊಸ್ತಿಲು ದಾಟಿದಂತೆಯೇ. ಎರಡು ದೋಣಿಯ ಮೇಲೆ ಕಾಲಿಡಲು ಬಿಡುವುದಿಲ್ಲ. ಲಿಸ್ಬನ್ನಿನ ಪುಸ್ತಕದಲ್ಲಿ ಹೆಸರು ಬರೆಸಿದ ಕೂಡಲೇ ಭಾರತೀಯತೆ ಹೋಗುತ್ತದೆಯೋ, ಪಾಸ್‌ಪೋರ್ಟ್ ಕೈಗೆ ಬಂದ ಮೇಲೋ ಎಂದು ಗೋವಾದ ವಕೀಲರು ವರ್ಷಗಟ್ಟಲೆ ವಾದಿಸಿದ್ದಾರೆ. ಅಲ್ಲಿ ಚುನಾವಣೆಗೆ ನಿಂತವರು ಪರಸ್ಪರ ಎಸೆಯುವ ಕಲ್ಲುಗಳಲ್ಲಿ ಇದೂ ಒಂದು. ಆಮೇಲೆ ಸಾಗರೋತ್ತರ ಭಾರತೀಯ ಪೌರ ಎಂಬ ಕಾರ್ಡು ಮಾಡಿಸಿಕೊಂಡು ಇಲ್ಲೇ ಇರಬಹುದು. ಓಟು ಇಲ್ಲ, ಗದ್ದೆ ಕೊಳ್ಳುವ ಹಾಗಿಲ್ಲ. ಓಟು ಹಾಕಿ ನಾನು ಗೆಲ್ಲಿಸಿದವರನ್ನು ನೆನೆದರೆ ಮೊದಲನೆಯದು ಅಂಥ ನಷ್ಟವಲ್ಲ. ಗದ್ದೆ ಕೊಳ್ಳುವಷ್ಟು ಪಿಂಚಣಿಯೂ ಇಲ್ಲ. ಹಾಗಿದ್ದೂ, ಸಮುದ್ರವನ್ನೇ ದಾಟದೆ, ಕೋಡಿಬಾಗದ ಮನೆಯ ಜಗಲಿಯಲ್ಲಿ ಕೂತೇ ಸಾಗರೋತ್ತರನಾಗುವುದು ಹೇಗೆಂದು ತಿಳಿಯದೆ ಒದ್ದಾಡಿದೆ.

ಇದೇ ಕಾರ್ಡನ್ನು ಪೋರ್ಚುಗಲ್ಲಿನ ಪ್ರಧಾನಿಯೇ ಇಟ್ಟುಕೊಂಡಿದ್ದರು. ಆಂಟೋನಿಯೊ ಕೋಸ್ಟಾ ಅವರ ತಂದೆಯ ಮನೆತನ ಮಡಗಾಂವದ್ದು. 2017ರ ಜನವರಿಯಲ್ಲಿ ಬೆಂಗಳೂರಿನ ಪ್ರವಾಸಿ ಭಾರತೀಯ ದಿವಸಕ್ಕೆ ಅವರೇ ಮುಖ್ಯ ಅತಿಥಿ. ಆ ಭೇಟಿಯಲ್ಲಿ ಅವರಿಗೆ ಈ ಕಾರ್ಡು ಸಿಕ್ಕಿತು, ಮಡಗಾಂವಕ್ಕೂ ಹೋಗಿ ಹಿರಿಯರ ಮನೆ ನೋಡಿಬಂದರು. ಅವರ ದೇಶದ ಪ್ರಧಾನಿ ನಮ್ಮ ಕಾರ್ಡಿಗೆ ಕೈ ಚಾಚುತ್ತಿದ್ದಾಗ ಮಡಗಾಂವದ ಹುಡುಗರು ಅವರ ಕಾರ್ಡಿಗೆ ಸಾಲು ನಿಂತಿದ್ದರು.

ಸಾಲು ನಿಂತವರಲ್ಲಿ ಬಹಳ ಮಂದಿ ಪೋರ್ಚುಗಲ್ಲಿಗೆ ಹೋಗಲೇ ಇಲ್ಲ ಎನ್ನುವುದು ಬೇರೆ ಮಾತು. ಪಾಸ್‌ಪೋರ್ಟ್ ಅಲ್ಲಿಯದು, ಪಗಾರ ಇಂಗ್ಲೆಂಡಿನದು. ಯುರೋಪಿನ ಒಕ್ಕೂಟದ ಯಾವ ದೇಶದಲ್ಲಾದರೂ ದುಡಿಯಬಹುದಾದ್ದರಿಂದ ಗೋವಾದವರು ಸ್ವಿಂಡನ್ ಎಂಬ ಊರನ್ನು ತುಂಬಿದರು. ಗೋದಾಮುಗಳಲ್ಲಿ, ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡಿ ಗೋವಾದ ಸಾಸಷ್ಟಿಯ ಹಳ್ಳಿಗಳಲ್ಲಿ ಮನೆಗೆ ಬಣ್ಣ ಹೊಡೆಸಿದರು. ಬಣ್ಣ ಹೊಡೆದ ಮನೆಯಲ್ಲಿ ವಾಸಕ್ಕೆ ಒಬ್ಬ ಮುದುಕಿ, ಒಂದು ನಾಯಿ. ಇಂಗ್ಲೆಂಡ್ ಆ ಒಕ್ಕೂಟದಿಂದ ಹೊರಬಿದ್ದ ಮೇಲೆ ಹೊಸಬರಿಗೆ ಆ ದಾರಿ ಮುಚ್ಚಿತು. ಈಗ ಹೋಗುವವರು ಒಕ್ಕೂಟದ ಉಳಿದ ದೇಶಗಳಲ್ಲಿ ಇಳಿಯಬೇಕು, ನಿಜಕ್ಕೂ ಲಿಸ್ಬನ್ನಿನಲ್ಲೇ ಇಳಿದರೆ ಪೋರ್ಚುಗೀಸ್ ಮಾತಾಡಬೇಕು.

ಆ ಭಾಷೆಯ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಪ್ರಜೆಯ ಮಗನಿಗೆ ಪರೀಕ್ಷೆ ಇಲ್ಲ ಎಂದು ಗೊತ್ತಿದ್ದರೂ ಒಂದು ಮಧ್ಯಾಹ್ನ ಮನೆಯೊಳಗೆ ಸುತ್ತಾಡಿ ನನ್ನನ್ನೇ ಪರೀಕ್ಷಿಸಿಕೊಂಡೆ. ಚಾವಿ ತೆಗೆದು ಅಲಮಾರು ತೆರೆದೆ, ಇಸ್ತ್ರಿ ಮಾಡಿದ ಅಂಗಿ ತೆಗೆದೆ, ಬಾಲ್ದಿಯಲ್ಲಿ ನೀರು ಹಿಡಿದೆ. ಅಡುಗೆಮನೆಯಲ್ಲಿ ಬಟಾಟೆ, ಅನಾನಸು, ಪಾವು. ಮೂವತ್ನಾಲ್ಕು ವರ್ಷ ಪಗಾರ ಎಣಿಸಿದೆ, ಸಾಲ ಕಟ್ಟದವರ ಒಡವೆ ಲಿಲಾವು ಮಾಡಿಸಿದೆ. ಎಲ್ಲವೂ ಆ ಭಾಷೆಯಿಂದ ಬಂದು ನಮ್ಮ ನಾಲಗೆಯ ಮೇಲೆ ಯಾವ ಕಾಗದಪತ್ರವೂ ಇಲ್ಲದೆ ನೆಲೆಸಿದ ಮಾತುಗಳು. ಅವುಗಳ ತಾಯಿಯ ಹುಟ್ಟೂರನ್ನು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ.

ಇಷ್ಟಾದರೂ ಹುಟ್ಟಿದ ದಾಖಲೆಯನ್ನು ಹುಡುಕಲು ನಾನು ಹೊರಟಿದ್ದು ಆಯಿಯ ಹಟಕ್ಕೆ. ಅವಳಿಗೆ ಲಿಸ್ಬನ್ ಬೇಡ, ಪರ್ತಗಾಳಿ ಬೇಕು. ಪೈಂಗಿಣದ ಪಕ್ಕದ ನಮ್ಮ ಮಠಕ್ಕೆ 550 ವರ್ಷ ತುಂಬಿದ ಉತ್ಸವ 2025ರ ನವೆಂಬರ್ ಕೊನೆಯಲ್ಲಿ ಶುರುವಾಗಿತ್ತು, 77 ಅಡಿಯ ರಾಮನ ಕಂಚಿನ ಮೂರ್ತಿ ನಿಲ್ಲಿಸಿದ್ದರು. “ರಾಮನನ್ನು ತೋರಿಸು, ಆಮೇಲೆ ಬೇಕಾದರೆ ನಿನ್ನ ಕಚೇರಿಗೆ ಬರುತ್ತೇನೆ.” ಬಾಡಿಗೆ ಕಾರು ಮಾಡಿದೆ. ಕಾಳಿ ನದಿಯ ಮೇಲೆ ಹೋಗುವಾಗ ಪಕ್ಕದಲ್ಲಿ 2024ರ ಆಗಸ್ಟಿನ ಒಂದು ರಾತ್ರಿ ಕುಸಿದ ಹಳೆಯ ಸೇತುವೆಯ ನೆನಪು. ಆಯಿ ಮದುವೆಯಾಗಿ ಬಂದಾಗ ಅದೂ ಇರಲಿಲ್ಲ, ಸದಾಶಿವಗಡದಿಂದ ದೋಣಿಯಲ್ಲಿ ದಾಟಿದ್ದಳಂತೆ. ಹೊಸ ಸೀರೆ ಒದ್ದೆಯಾದದ್ದಕ್ಕೆ ಅತ್ತಿದ್ದಳಂತೆ. ತವರು ಬಿಟ್ಟದ್ದಕ್ಕೆ ಅಳುತ್ತಿದ್ದಾಳೆಂದು ಅಂಬಿಗ ಸಮಾಧಾನ ಹೇಳಿದ್ದನಂತೆ.

ರಾಮನ ದರ್ಶನವಾಯಿತು, ಪ್ರಸಾದದ ಊಟವಾಯಿತು. ಮರುದಿನ ಜನನ ನೋಂದಣಿಯ ಕಚೇರಿ.

ಪೋರ್ಚುಗಲ್ 1910ರಲ್ಲಿ ಅರಸನನ್ನು ಓಡಿಸಿ ಗಣರಾಜ್ಯವಾಯಿತು. ಅದರಿಂದ ಗೋವಾದ ಹಿಂದೂಗಳಿಗೆ ಆದ ಲಾಭ ದೊಡ್ಡದು. ಚರ್ಚಿನ ಹಿಡಿತ ಸಡಿಲಾಗಿ ಎಲ್ಲ ಮತದವರೂ ಕಾಗದದ ಮೇಲಾದರೂ ಸಮಾನರಾದರು. ಅದಾದ ಮೇಲೆ ಯಾರ ಮನೆಯಲ್ಲಿ ತೊಟ್ಟಿಲು ತೂಗಿದರೂ ಸರಕಾರಿ ದಫ್ತರದಲ್ಲಿ ಬರೆಸಲೇಬೇಕು. ಪೈಂಗಿಣದಲ್ಲಿ ತೆಂಗಿನ ಮರಗಳ ನಡುವೆ ಹುಟ್ಟಿದ ಒಂದು ಹೆಣ್ಣುಕೂಸಿನ ಜನ್ಮವೃತ್ತಾಂತ ಶಾಯಿಯ ದುಂಡನೆಯ ಅಕ್ಷರದಲ್ಲಿ ಎಂಟು ದಶಕ ಕಾದು ಕೂತಿರುತ್ತದೆ ಎಂದರೆ, ಪಾಕ್ಲೆಗಳಿಗೆ ಬೇರೆ ಏನೂ ಬಾರದಿದ್ದರೂ ಬರೆದಿಡಲು ಬರುತ್ತಿತ್ತು ಎನ್ನಬೇಕು. ಗೋವಾದವರು ಆ ಬರಹದ ನಕಲಿಗೆ ‘ತೆಯೋರ್’ ಎನ್ನುತ್ತಾರೆ.

ಗುಮಾಸ್ತ ಹೆಂಗಸು ಮೊದಲು ಇಲ್ಲ ಎಂದಳು. ಆಧಾರ್ ನೋಡಿ 1946ರ ಪುಸ್ತಕ ತೆಗೆದಿದ್ದಳು, ಜನವರಿ 1ಕ್ಕೆ ಅಲ್ಲಿ ಯಾರೂ ಹುಟ್ಟಿರಲಿಲ್ಲ. ನಮ್ಮ ಕಡೆ ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲ ಜನವರಿ ಒಂದಕ್ಕೋ ಜೂನ್ ಒಂದಕ್ಕೋ ಹುಟ್ಟಿರುತ್ತಾರೆ, ಇದು ಅವಳಿಗೆ ಗೊತ್ತಿರಲಿಲ್ಲ. ನಾನು 1945ರ ಪುಸ್ತಕ ನೋಡಿ ಎಂದೆ, ಅಲ್ಲೂ ಇಲ್ಲ. ಊಟದ ಹೊತ್ತು ಹತ್ತಿರವಾಗುತ್ತಿತ್ತು. ಬೆಂಚಿನಲ್ಲಿ ಕೂತಿದ್ದ ಆಯಿ ಅಲ್ಲಿಂದಲೇ ಕೊಂಕಣಿಯಲ್ಲಿ ಆಕೆಗೆ ಏನೋ ಹೇಳಿದಳು. ಯಾರ ವಾಡೆ, ಯಾವ ಬಾವಿ, ಯಾರ ಸೊಸೆ. ಎರಡು ನಿಮಿಷದಲ್ಲಿ ಆ ಹೆಂಗಸಿನ ಅತ್ತೆ ಆಯಿಯ ದೂರದ ಸಂಬಂಧಿ ಎಂದು ಗೊತ್ತಾಯಿತು. 1944ರ ಪುಸ್ತಕ ತಾನಾಗಿಯೇ ಹೊರಗೆ ಬಂತು.

ಇತ್ತು. 1944ರ ನವೆಂಬರ್ 14, ಬೆಳಗಿನ ನಾಲ್ಕು ಗಂಟೆ. ಗಂಟೆಯನ್ನೂ ಬರೆದಿದ್ದರು. ತಂದೆಯ ಉದ್ಯೋಗದ ಕಡೆ ‘ಪ್ರೊಪ್ರಿಯೆತಾರಿಯೊ’, ಅಂದರೆ ಆಸ್ತಿವಂತ. ನಾಲ್ಕು ತೆಂಗಿನಮರ ಮತ್ತು ಊರೆಲ್ಲ ಸಾಲ ಇದ್ದ ನನ್ನ ಅಜ್ಜನಿಗೆ ಈ ಬಿರುದನ್ನು ಕೊಟ್ಟದ್ದು ಇಡೀ ಜಗತ್ತಿನಲ್ಲಿ ಪೋರ್ಚುಗಲ್ ಸರಕಾರ ಒಂದೇ. ಹೆಸರನ್ನು ಫೋಟೊ ತೆಗೆದು ಮಗನಿಗೆ ಕಳಿಸಿದೆ. ತಕ್ಷಣ ಫೋನು.

“ಅಪ್ಪಾ, ಇದ್ಯಾರು ಕ್ಸಾಂತಾ ಪೊರೊಬೊ?”

ಪೋರ್ಚುಗೀಸರು ನಮ್ಮ ‘ಶ’ಕಾರಕ್ಕೆ ಇಂಗ್ಲಿಷಿನ ಎಕ್ಸ್ ಅಕ್ಷರ ಬರೆಯುತ್ತಾರೆ. ಪ್ರಭು ಅವರ ಬಾಯಲ್ಲಿ ಪೊರೊಬೊ ಆದ, ಕಾಮತ ಕಾಮೊತಿಂ ಆದ, ಶೆಣೈ ಸಿನಾಯ್ ಆದ. ಪೈಂಗಿಣದ ಬಾಲಕ್ಕೂ ಒಂದು ‘ಮ’ ಅಂಟಿಸಿದರು. ಹಾಗೆ ನನ್ನ ಆಯಿ ಬೀಜಗಣಿತದ ಲೆಕ್ಕದಲ್ಲಿ ಕಂಡುಹಿಡಿಯಬೇಕಾದ ಸಂಖ್ಯೆಯಂತೆ ಎಕ್ಸ್‌ನಿಂದ ಶುರುವಾಗುತ್ತಾಳೆ. ಈ ಎಕ್ಸ್ ಆ ಸುಮಿತ್ರೆಗೆ ಸಮ ಎಂದು ಸಾಧಿಸುವುದೇ ಈಗ ನಮ್ಮ ಸಮೀಕರಣ. ಮಗನಿಗೆ ಇದನ್ನು ವಿವರಿಸುವಷ್ಟರಲ್ಲಿ ಗುಮಾಸ್ತಳು ಬಾಗಿಲು ಹಾಕಿ ಆಯಿಯನ್ನು ಊಟಕ್ಕೆ ಮನೆಗೆ ಕರೆಯುತ್ತಿದ್ದಳು.

ವಾಪಸ್ ಹೊರಟಾಗ ಕಾರಿನಲ್ಲಿ ಆಯಿಗೆ ನಾನು ಓದಿ ಹೇಳಿದೆ. ಹೆಸರಿನ ಬಗ್ಗೆ ಅವಳಿಗೆ ಆಸಕ್ತಿ ಬರಲಿಲ್ಲ. ತಾರೀಖಿನಲ್ಲಿ ಸಿಕ್ಕಿಬಿದ್ದಳು. ಯಾವ ವಾರ ಎಂದು ಕೇಳಿದಳು. ಮೊಬೈಲಿನಲ್ಲಿ ನೋಡಿ ಮಂಗಳವಾರ ಎಂದೆ.

“ಪಾಕ್ಲೆ ಹೋದದ್ದೂ ಮಂಗಳವಾರವೇ,” ಎಂದಳು.

ನೋಡಿದೆ. 1961ರ ಡಿಸೆಂಬರ್ 19 ನಿಜಕ್ಕೂ ಮಂಗಳವಾರ. ಆ ದಿನ ಅವಳು ದೋಸೆಗೆ ಅರೆಯುತ್ತಿದ್ದಳಂತೆ. ಹಿಂದಿನ ದಿನದಿಂದ ವಿಮಾನದ ಸದ್ದು. ಸಂಜೆಗೆ ಯಾರೋ ಓಡಿಬಂದು ಇನ್ನು ಮೇಲೆ ನಾವು ಹಿಂದುಸ್ತಾನ ಎಂದರಂತೆ. ಮಂಗಳವಾರ ಯಾರಾದರೂ ಹೊಸ ಕೆಲಸ ಶುರುಮಾಡುತ್ತಾರೆಯೇ ಎಂದು ಅವಳ ಅಜ್ಜಿ ಗೊಣಗಿ, ಸುತ್ತು ನಿಂತ ಒರಳನ್ನು ಮತ್ತೆ ತಿರುಗಿಸಲು ಹೇಳಿದಳಂತೆ. ಮರುವರ್ಷ ಸರಕಾರ ಹೊರಡಿಸಿದ ಆದೇಶದ ಪ್ರಕಾರ 1961ರ ಡಿಸೆಂಬರ್ 20ರಿಂದ ಅವರೆಲ್ಲ ಭಾರತೀಯರು. ಬೇಡ ಎನ್ನುವವರು ಒಂದು ತಿಂಗಳೊಳಗೆ ಬರೆದುಕೊಡಬೇಕಿತ್ತು. ಹಾಗೆ ಬರೆದುಕೊಟ್ಟ ಒಬ್ಬ ಪಾದ್ರಿ, ಪರವಾನಿಗೆ ಇಲ್ಲದೆ ತನ್ನೂರಿನಲ್ಲೇ ಉಳಿದದ್ದಕ್ಕೆ ಶಿಕ್ಷೆಗೊಳಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1969ರಲ್ಲಿ ಸೋತರು. ಲಿಸ್ಬನ್ ಮಾತ್ರ ತಾನು ಸೋತದ್ದನ್ನು ಒಪ್ಪಲಿಲ್ಲ. ಅವರಲ್ಲಿ ಕ್ರಾಂತಿಯಾಗಿ, 1974ರ ಕೊನೆಯ ದಿನ ಒಪ್ಪಂದಕ್ಕೆ ಸಹಿ ಬೀಳುವವರೆಗೂ ಅವರ ಲೆಕ್ಕದಲ್ಲಿ ಗೋವಾ ಅವರದೇ. ಅಂದರೆ ನಾನು ಕಾರವಾರದಲ್ಲಿ ಒಂದನೆಯ ಇಯತ್ತೆಯಲ್ಲಿ ಅ ಆ ಇ ಈ ತಿದ್ದುತ್ತಿದ್ದಾಗ, ಮನೆಯಲ್ಲಿ ನನಗೆ ಅನ್ನ ಕಲಸಿ ಕೊಡುತ್ತಿದ್ದವಳು ಎಲ್ಲೋ ಒಂದು ನಕಾಶೆಯಲ್ಲಿ ಇನ್ನೂ ಅವರ ಪ್ರಜೆ.

“ಬೆಳಗಿನ ನಾಲ್ಕು ಗಂಟೆಯಾ?” ಎಂದು ಆಯಿ ಮತ್ತೆ ಕೇಳಿದಳು. “ಜಾತಕದಲ್ಲಿ ಸಂಜೆ ಅಂತ ಇತ್ತು.”

“ಹಾಗಾದರೆ ಜಾತಕವೇ ತಪ್ಪು.”

“ಅದನ್ನು ನೋಡಿಯೇ ನಿನ್ನ ಅಪ್ಪನಿಗೆ ಕೊಟ್ಟದ್ದು,” ಎಂದಳು. ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದಳು. ಸ್ವಲ್ಪ ದೂರ ಹೋದ ಮೇಲೆ ಅವಳಿಗೆ ನಗು ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾಕೆಂದು ಹೇಳಲಿಲ್ಲ.

ಕಾಗದಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿವೆ. ಚಿಕ್ಕಮ್ಮನ ನೆನಪು ಮತ್ತು ನೋಟರಿಯ ಸಮಯ ಒಂದೇ ಹೊತ್ತಿಗೆ ಕೂಡಿಬರಬೇಕು, ಅಪ್ಪನ ಮದುವೆಗೆ ವಕೀಲರು ಏನಾದರೂ ದಾರಿ ಹುಡುಕಬೇಕು, ನಾನು ಸಹಿ ಹಾಕಬೇಕು. ಮಗ ವಾರಕ್ಕೊಮ್ಮೆ ಕೇಳುತ್ತಾನೆ. ನೋಡೋಣ ಎನ್ನುತ್ತೇನೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಯವರಿಗೂ ಇದೇ ಸ್ವರದಲ್ಲಿ ಹೇಳುತ್ತಿದ್ದೆ. ಅವನು ಬ್ಯಾಂಕಿನವನ ಮಗ, ಅರ್ಥ ಮಾಡಿಕೊಳ್ಳುತ್ತಾನೆ.

ಅಂದು ವಾಪಸ್ ಬರುವಾಗ ಮಾಜಾಳಿಯಲ್ಲಿ ಕಾರು ನಿಲ್ಲಿಸಿದರು. ಗೋವಾದಿಂದ ಬರುವವರೆಲ್ಲ ಸೀಟಿನ ಕೆಳಗೆ ಅಗ್ಗದ ಬಾಟಲಿ ತಂದಿರುತ್ತಾರೆ ಎಂಬುದು ನಮ್ಮ ಅಬಕಾರಿಯವರ ನಂಬಿಕೆ. ಅದು ಬಹುಪಾಲು ಸುಳ್ಳೂ ಅಲ್ಲ. ಹುಡುಗನೊಬ್ಬ ಟಾರ್ಚು ಹಿಡಿದು ಡಿಕ್ಕಿ ನೋಡಿದ, ಪ್ರಸಾದದ ಪೊಟ್ಟಣ ಮೂಸಿದ, ಹಿಂದಿನ ಸೀಟಿಗೆ ಬಾಗಿ ಆಯಿಯನ್ನು ಕೇಳಿದ: “ಅಜ್ಜಿ, ಗೋವಾದಿಂದ ಏನು ತಂದ್ರಿ?”

ಆಯಿ ಮಡಿಲಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಒಂದು ವರ್ಷ,” ಎಂದಳು. “ಅಲ್ಲೇ ಬಿಟ್ಟು ಬಂದಿದ್ದೆ.”

ಅವನು ನನ್ನ ಮುಖ ನೋಡಿದ. ಟಾರ್ಚು ಆರಿಸಿ, ಹೋಗಿ ಎಂದು ಕೈ ಮಾಡಿದ.